ಮುಂಗಾರಿಗೆ ಲಿನಕ್ಸ್, ಹಿಂಗಾರಿಗೆ ವಿಂಡೋಸ್

ಬಾಗಲಕೋಟೆ ನವನಗರದ ಒಂದು ಪತ್ತಿನ ಸಹಕಾರಿ ಸಂಘದಿಂದ ಒಂದು ಸಂಜೆ ಫೋನ್ ಬಂತು. ಪಿಗ್ಮಿ ಏಜೆಂಟರು ದಿನದ ವಸೂಲಿ ತಂದು ಕಟ್ಟುವ ಹೊತ್ತು. ಕೌಂಟರಿನ ಅಕ್ಕ ಗಾಬರಿಯಲ್ಲಿದ್ದರು. "ಸರ, ಹಾಳಿ ಮ್ಯಾಲೆ ನಾಳಿ ತಾರೀಖು ಬರಾಕತ್ತೈತ್ರಿ. ಇವತ್ತಿನ ರೊಕ್ಕ ನಾಳಿ ಲೆಕ್ಕಕ್ಕ ಹೋದ್ರ ಮ್ಯಾನೇಜರ್ ಸಾಹೇಬ್ರು ಬಿಡ್ತಾರೇನ್ರಿ?"

"ಅಕ್ಕಾರ, ಈಗ ಲಿನಕ್ಸ್‌ನಾಗ ಅದೀರೋ, ವಿಂಡೋಸ್‌ನಾಗೋ?"

"ಲಿನಕ್ಸ್ ರೀ. ಈಗರ ವಿಂಡೋಸ್ ಬಂದ್ ಮಾಡಿ ಇದಕ್ಕ ಬಂದೆ."

"ನೆಟ್ ಐತಿ?"

"ಮಧ್ಯಾಹ್ನದಿಂದ ಹೋಗೈತ್ರಿ."

ಅಷ್ಟು ಸಾಕಾಯಿತು. ಆ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಅಂತ ಎರಡು ಆಪರೇಟಿಂಗ್ ಸಿಸ್ಟಮ್, ಅಂದರೆ ಯಂತ್ರವನ್ನು ನಡೆಸುವ ತಂತ್ರಾಂಶ, ಹಾಕಿಕೊಟ್ಟವನು ನಾನೇ. ತಪ್ಪೂ ನನ್ನದೇ.

ಪ್ರತಿ ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ಒಂದು ಚಿಕ್ಕ ಗಡಿಯಾರ ಇರುತ್ತದೆ. ಕರೆಂಟ್ ಹೋದರೂ ನಾಣ್ಯದಂಥ ಬ್ಯಾಟರಿಯ ಮೇಲೆ ಓಡುತ್ತಲೇ ಇರುತ್ತದೆ. ವಿಂಡೋಸ್ ಅದರಲ್ಲಿ ನಮ್ಮ ಊರಿನ ಸಮಯವನ್ನೇ ಬರೆದಿಡುತ್ತದೆ. ಲಿನಕ್ಸ್ ಹಾಗಲ್ಲ. ಅಲ್ಲಿರುವುದು ಜಾಗತಿಕ ಸಮಯ, ಅಂದರೆ ಯುಟಿಸಿ, ಅಂದುಕೊಂಡು ಅದಕ್ಕೆ ಭಾರತದ 5 ಗಂಟೆ 30 ನಿಮಿಷ ಕೂಡಿಸಿ ತೋರಿಸುತ್ತದೆ. ಅಕ್ಕ ವಿಂಡೋಸ್ ಬಂದ್ ಮಾಡಿದಾಗ ಸಂಜೆ 6:50. ಲಿನಕ್ಸ್ ಅದಕ್ಕೆ ಐದೂವರೆ ತಾಸು ಸೇರಿಸಿತು, ರಾತ್ರಿ 12:20 ಆಯಿತು, ತಾರೀಖು ಬದಲಾಯಿತು. ನೆಟ್ ಇದ್ದಿದ್ದರೆ ಲಿನಕ್ಸ್ ಒಂದು ಕ್ಷಣದಲ್ಲಿ ತಾನೇ ಸರಿಮಾಡಿಕೊಳ್ಳುತ್ತಿತ್ತು. ಹಾಗಾಗಿಯೇ ಎರಡು ತಿಂಗಳು ಯಾರ ಕಣ್ಣಿಗೂ ಇದು ಬಿದ್ದಿರಲಿಲ್ಲ. ನೆಟ್ ಹೋಗಬೇಕು, ಅದೂ ಸಂಜೆ 6:30 ದಾಟಿರಬೇಕು. ಆಗ ಮಾತ್ರ ನಾಳೆ ಬರುತ್ತದೆ. ಪಿಗ್ಮಿ ಹಾಳೆಯ ತಲೆಯಲ್ಲಿ ತಾರೀಖು ತಾನಾಗಿ ಬೀಳುವ ಸೂತ್ರ ಇತ್ತು, ಅದು ಪಾಪ ಕಂಡದ್ದನ್ನೇ ಬರೆಯಿತು.

ಪರಿಹಾರ ಲಿನಕ್ಸ್‌ನಲ್ಲಿ ಒಂದು ಸಾಲಿನ ಆಜ್ಞೆ. ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಅಂತ ಅದಕ್ಕೆ ಹೇಳಿಬಿಡುವುದು. ಹಾಗೆ ಹೇಳಿದಾಗ ಲಿನಕ್ಸ್ ಒಂದು ಎಚ್ಚರಿಕೆಯನ್ನೂ ತೋರಿಸುತ್ತದೆ. ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಅದು ನಿಜವಾದ ತಲೆನೋವು. ನಮ್ಮಲ್ಲಿ ಆ ಪದ್ಧತಿ ಇಲ್ಲ, ಹಾಗಾಗಿ ನಾನು ಧೈರ್ಯವಾಗಿ ಮಾಡುತ್ತೇನೆ. ಈಗಂತೂ ಎರಡು ಸಿಸ್ಟಮ್ ಹಾಕಿದ ದಿನವೇ ನೆಟ್ ಕೇಬಲ್ ಕಿತ್ತು, ಆ ಕಡೆ ಈ ಕಡೆ ಒಮ್ಮೆ ಹೋಗಿ ಬಂದು, ಟೈಮ್ ನೋಡಿಯೇ ಕಚೇರಿಯಿಂದ ಹೊರಡುತ್ತೇನೆ.

ಇತ್ತೀಚೆಗೆ ಈ ಕೆಲಸಕ್ಕೆ ಕರೆ ಜಾಸ್ತಿಯಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ಪೀಳಿಗೆಯ ಪ್ರೊಸೆಸರ್ ಇರಬೇಕು. ನಮ್ಮ ಕಡೆಯ ಅಂಗಡಿ, ಸಂಘ, ಶಾಲೆಗಳ ಮೇಜಿನ ಮೇಲೆ ಇರುವುದು 4ನೆಯದು, 6ನೆಯದು. ಯಂತ್ರ ಗಟ್ಟಿಮುಟ್ಟಾಗಿದೆ, ಎಸೆಯಲು ಮನಸ್ಸು ಬಾರದು. ಲಿನಕ್ಸ್ ಹಾಕೋಣ ಅಂದರೆ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ವಿಂಡೋಸ್ ಬಿಟ್ಟು ಬರುವುದಿಲ್ಲ. ಹಾಗಾಗಿ "ಎರಡೂ ಹಾಕ್ರಿ".

ಎರಡೂ ಹಾಕುವುದು ಅಂದರೆ ಏನು ಅಂತ ಮಾಲೀಕರಿಗೆ ನಾನು ಹೊಲದ ಲೆಕ್ಕದಲ್ಲಿ ಹೇಳುತ್ತೇನೆ. ಎರೆ ಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ. ಹೊಲ ಒಂದೇ, ಬೆಳೆ ಎರಡು, ಆದರೆ ಒಂದನ್ನು ತೆಗೆದ ಮೇಲೆಯೇ ಇನ್ನೊಂದು. ಡ್ಯುಯಲ್ ಬೂಟ್ ಅಂದರೆ ಅದು. ಲಿನಕ್ಸ್‌ನಲ್ಲಿ ಇದ್ದಾಗ ವಿಂಡೋಸ್ ಇಲ್ಲ, ವಿಂಡೋಸ್ ಬೇಕಾದರೆ ರೀಸ್ಟಾರ್ಟ್ ಆಗಬೇಕು. ಎರಡನ್ನೂ ಒಟ್ಟಿಗೆ ಬೆಳೆಯಬೇಕಾದರೆ ಅಕ್ಕಡಿ ಸಾಲು ಹಾಕಬೇಕು. ಅದು ವರ್ಚುವಲ್ ಮಷಿನ್: ಲಿನಕ್ಸ್ ಒಳಗೇ ಒಂದು ಕಿಟಕಿಯಲ್ಲಿ ವಿಂಡೋಸ್ ಓಡುತ್ತದೆ. ಚಂದ ಇದೆ, ಆದರೆ 4 ಜಿಬಿ ರ‍್ಯಾಮಿನ ಯಂತ್ರದಲ್ಲಿ ಎರಡೂ ಬೆಳೆ ಒಣಗುತ್ತವೆ. 8 ಜಿಬಿ ಇದ್ದರೆ ಹೇಗೋ ನಡೆದೀತು, 16 ಇದ್ದರೆ ಆರಾಮ. ಒಳಗಿನ ವಿಂಡೋಸ್‌ಗೂ ಲೈಸೆನ್ಸ್ ಬೇಕು ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ.

ಗುಳೇದಗುಡ್ಡದಲ್ಲಿ ಖಣದ ವ್ಯಾಪಾರಿಯೊಬ್ಬರ ಗದ್ದಿಗೆ ನಾನು ಮಾಡಿಕೊಟ್ಟ ವ್ಯವಸ್ಥೆ ಹೀಗಿದೆ. ಬೆಳಿಗ್ಗೆ ಯಂತ್ರ ಚಾಲೂ ಆದರೆ ಲಿನಕ್ಸ್. ಮೇಲ್, ಬ್ಯಾಂಕಿನ ಸೈಟ್, ಗಿರಾಕಿಗಳು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಫೋಟೋ, ಪತ್ರ, ಸಣ್ಣ ಲೆಕ್ಕದ ಶೀಟ್, ಎಲ್ಲ ಅಲ್ಲೇ. ಸಂಜೆ ಐದರ ಮೇಲೆ ವಿಂಡೋಸ್‌ಗೆ ಬಂದು ಟ್ಯಾಲಿಯಲ್ಲಿ ದಿನದ ಬಿಲ್ಲು ಏರಿಸುತ್ತಾರೆ. ಆ ವಿಂಡೋಸ್‌ಗೆ ನೆಟ್ ಕೊಟ್ಟಿಲ್ಲ. ಅಪ್‌ಡೇಟ್ ನಿಂತುಹೋದ ಸಿಸ್ಟಮ್ ಅದು, ಹೊರಗೆ ತಿರುಗಾಡಬಾರದು. ಜಿಎಸ್‌ಟಿ ರಿಟರ್ನ್ ಬಂದಾಗ ಟ್ಯಾಲಿಯಿಂದ ಪೋರ್ಟಲ್ ಒಪ್ಪುವ ಜೇಸನ್ ಫೈಲ್ ತೆಗೆದು ಲಿನಕ್ಸ್, ವಿಂಡೋಸ್ ಇಬ್ಬರಿಗೂ ಕಾಣುವ ಪಾರ್ಟಿಷನ್‌ನಲ್ಲಿ, ಅಂದರೆ ಡಿಸ್ಕಿನ ಒಂದು ಪಾಲಿನಲ್ಲಿ, ಇಡುತ್ತಾರೆ, ಮರುದಿನ ಬೆಳಿಗ್ಗೆ ಲಿನಕ್ಸ್‌ನ ಬ್ರೌಸರಿನಿಂದ ಪೋರ್ಟಲ್‌ಗೆ ಏರಿಸಿ ಓಟಿಪಿ ಹಾಕುತ್ತಾರೆ. ದಿನಕ್ಕೆ ಒಂದೇ ರೀಸ್ಟಾರ್ಟ್. ಅವರಿಗೆ ಬೇಸರವಿಲ್ಲ.

ಬೇಸರ ಬಂದ ಕಡೆಗಳೂ ಇವೆ. ಒಂದು ಕಚೇರಿಯಲ್ಲಿ ಗುಮಾಸ್ತರು ಹತ್ತು ನಿಮಿಷಕ್ಕೊಮ್ಮೆ ಟ್ಯಾಲಿ ನೋಡಬೇಕಿತ್ತು, ನಡುನಡುವೆ ಮೇಲ್ ಮಾಡಬೇಕಿತ್ತು. ಹಳೆಯ ಹಾರ್ಡ್ ಡಿಸ್ಕ್, ಒಂದು ಸಲ ಬಂದ್ ಆಗಿ ಏಳಲು ಐದು ನಿಮಿಷ. ಎರಡು ದಿನ ಮಾಡಿದರು, ಮೂರನೇ ದಿನದಿಂದ ವಿಂಡೋಸ್‌ನಲ್ಲೇ ಕೂತರು. ನಾನು ಹಾಕಿದ ಲಿನಕ್ಸ್ ಅಲ್ಲೇ ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ಈಗ ನಾನು ಮೊದಲು ಯಂತ್ರ ಮುಟ್ಟುವುದಿಲ್ಲ. ಒಂದು ವಾರ ಯಾವ ಹೊತ್ತಿಗೆ ಯಾವ ಕೆಲಸ ಮಾಡುತ್ತೀರಿ, ಒಂದು ಹಾಳೆಯಲ್ಲಿ ಬರೆದಿಡಿ ಅನ್ನುತ್ತೇನೆ. ಕೆಲಸ ಹೊತ್ತಿನ ಪ್ರಕಾರ ಎರಡು ಗುಂಪಾಗಿ ಒಡೆದರೆ ಡ್ಯುಯಲ್ ಬೂಟ್ ಸರಿ. ಕಲಸಿಹೋಗಿದ್ದರೆ ಬೇಡವೇ ಬೇಡ. ರ‍್ಯಾಮ್ ಹಾಕಿಸಿ ವರ್ಚುವಲ್ ಮಷಿನ್ ಮಾಡಿ, ಇಲ್ಲವೇ ಇನ್ನೊಂದು ಹಳೇ ಯಂತ್ರ ತಂದು ಪಕ್ಕದಲ್ಲಿ ಇಡಿ. ಹಾಳೆಯಲ್ಲಿ ಇನ್ನೂ ಒಂದು ಬರೆಸುತ್ತೇನೆ: ಡಿಜಿಟಲ್ ಸಹಿಯ ಟೋಕನ್, ಪಾಸ್‌ಬುಕ್ ಪ್ರಿಂಟರ್, ಬೆರಳಚ್ಚಿನ ಹಾಜರಿ ಯಂತ್ರ, ಮ್ಯಾಕ್ರೋ ಇರುವ ಎಕ್ಸೆಲ್ ಫೈಲ್. ಇವು ನಾಲ್ಕು ವಿಂಡೋಸ್ ಕಡೆಗೆ ವಾಲುವವು. ಇವುಗಳನ್ನು ಲಿನಕ್ಸ್‌ನಲ್ಲಿ ಓಡಿಸುತ್ತೇನೆ ಅಂತ ಹಟ ಹಿಡಿದು ನಾನು ಕಳೆದ ಭಾನುವಾರಗಳ ಲೆಕ್ಕ ಮನೆಯಲ್ಲಿ ಕೇಳಬೇಕು.

ಇಬ್ಬರಿಗೂ ಕಾಣುವ ಪಾರ್ಟಿಷನ್ ಅಂದೆನಲ್ಲ, ಅದರ ಮಾತು ಸ್ವಲ್ಪ ಉದ್ದ. 256 ಜಿಬಿ ಅಂತ ಮಾರುವ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ 238 ಅಂತ ಕಾಣುತ್ತದೆ. ಅದರಲ್ಲಿ ಸುಮಾರು 110 ವಿಂಡೋಸ್‌ಗೆ, 60 ಲಿನಕ್ಸ್‌ಗೆ, ಉಳಿದದ್ದು ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲುಗಳನ್ನು ಇಡುವ ಪದ್ಧತಿ) ಮಾಡಿ ಹಂಚಿಕೆಗೆ. ಕಚೇರಿಯ ಫೈಲುಗಳೆಲ್ಲ ಅಲ್ಲಿಯೇ ಇರಬೇಕು. ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಪದ್ಧತಿ ಮಾಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಅದರಲ್ಲಿ ಜರ್ನಲ್, ಅಂದರೆ ಬದಲಾವಣೆಯನ್ನು ಮೊದಲೇ ಬರೆದಿಡುವ ದಿನಚರಿ, ಇಲ್ಲ, ಬರೆಯುವಾಗ ಕರೆಂಟ್ ಹೋದರೆ ಫೈಲ್ ಕೆಡುವ ಸಂಭವ ಜಾಸ್ತಿ. ನಮ್ಮ ಕಡೆ ಕರೆಂಟಿನ ಮೇಲೆ ಅಷ್ಟು ಭರವಸೆ ಇಡಲಾರೆ.

ಈ ಹಂಚಿಕೆ ಜಾಗಕ್ಕೆ ಬರುವ ದೊಡ್ಡ ರೋಗ ಒಂದೇ. "ಲಿನಕ್ಸ್‌ನಾಗ ಫೈಲ್ ಸೇವ್ ಆಗವಲ್ತ್ರಿ, ಬರೀ ಓದಾಕ ಬರ್ತೈತಿ." ಲಿನಕ್ಸ್‌ನದು ತಪ್ಪಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಇದೆ. ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಬಂದ್ ಆಗುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಅರೆನಿದ್ದೆಯಲ್ಲಿ ಇರುತ್ತದೆ, ಮರುದಿನ ಬೇಗ ಏಳಲಿ ಅಂತ. ಅಂಗಡಿಯ ಶಟರ್ ಎಳೆದಿದೆ, ಒಳಗೆ ತಕ್ಕಡಿ ಇನ್ನೂ ತೂಗುತ್ತಿದೆ. ಲಿನಕ್ಸ್ ಬಂದು ನೋಡುತ್ತದೆ, ಇನ್ನೊಬ್ಬರ ಲೆಕ್ಕ ಅರ್ಧಕ್ಕೆ ನಿಂತಿದೆ, ನಾನು ಮುಟ್ಟಲಾರೆ ಅನ್ನುತ್ತದೆ. ಬಲವಂತ ಮಾಡಿ ಬರೆದರೆ ಡೇಟಾ ಹಾಳು. ತಮಾಷೆ ಏನೆಂದರೆ ರೀಸ್ಟಾರ್ಟ್ ಒತ್ತಿದಾಗ ವಿಂಡೋಸ್ ಪೂರ್ತಿ ಬಂದ್ ಆಗುತ್ತದೆ, ಶಟ್‌ಡೌನ್ ಒತ್ತಿದಾಗ ಆಗುವುದಿಲ್ಲ. ಹಾಗಾಗಿ ರೀಸ್ಟಾರ್ಟ್ ಮಾಡಿ ಬಂದ ದಿನ ಎಲ್ಲ ಸರಿ, ರಾತ್ರಿ ಬಂದ್ ಮಾಡಿ ಬೆಳಿಗ್ಗೆ ಬಂದರೆ ಕಿರಿಕಿರಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕು ಅನ್ನುವ ಜಾಗಕ್ಕೆ ಹೋಗಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಬೇಕು. ದೊಡ್ಡ ಅಪ್‌ಡೇಟ್ ಆದ ಮೇಲೆ ಇನ್ನೊಮ್ಮೆ ನೋಡಿಕೊಳ್ಳಿ.

ಟ್ಯಾಲಿ ಡೇಟಾ ಫೋಲ್ಡರ್ ಮಾತ್ರ ಈ ಹಂಚಿಕೆಗೆ ಬೇಡ. ಅದು ವಿಂಡೋಸ್ ಪಾಲಿನಲ್ಲೇ ಇರಲಿ, ಬ್ಯಾಕಪ್ ಪೆನ್‌ಡ್ರೈವ್‌ಗೆ ಹೋಗಲಿ.

ಕನ್ನಡದ ವಿಷಯ. ಇಲ್ಲಿಯ ಸಂಘಗಳ ಹಳೆಯ ನಡಾವಳಿ, ನೋಟಿಸ್, ಪತ್ರ ಎಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಇರುತ್ತವೆ, ಎಲ್ಲ ಯಂತ್ರಗಳಿಗೂ ತಿಳಿಯುವ ಯೂನಿಕೋಡ್ ಅಲ್ಲ. ಅವನ್ನು ಲಿನಕ್ಸ್‌ನಲ್ಲಿ ತೆರೆದರೆ ಯಾವುದೋ ಯುರೋಪಿನ ಅಕ್ಷರಗಳ ಜಾತ್ರೆ. ನುಡಿಯ ಫಾಂಟ್ ಫೈಲನ್ನು ಲಿನಕ್ಸ್‌ಗೂ ಹಾಕಿದರೆ ಓದಲು, ಪ್ರಿಂಟ್ ತೆಗೆಯಲು ಬರುತ್ತದೆ. ಆದರೆ ಆ ಫಾಂಟಿನಲ್ಲಿ ಟೈಪ್ ಮಾಡಲು ಬರುವುದಿಲ್ಲ. ಹೊಸದನ್ನೆಲ್ಲ ಯೂನಿಕೋಡ್‌ನಲ್ಲೇ ಬರೆಯಿರಿ, ಹಳೆಯದರಲ್ಲಿ ತಿದ್ದಬೇಕಾದ್ದನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಿ. ಟೈಪಿಸ್ಟ್ ಅಕ್ಕಂದಿರ ಭಯ ಬೇರೆ, ಬೆರಳು ಮತ್ತೆ ಹೊಸದಾಗಿ ಕಲಿಯಬೇಕಲ್ಲ ಅಂತ. ಕಲಿಯಬೇಕಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಎಲ್ಲರ ಕೈಗೆ ಕೂತ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ಲಿನಕ್ಸ್‌ನ ಟೈಪಿಂಗ್ ಸಲಕರಣೆ ಐಬಸ್‌ನ ಕನ್ನಡ ಪಟ್ಟಿಯಲ್ಲಿ ಕೆಜಿಪಿ ಅನ್ನುವುದನ್ನು ಆರಿಸಿದರೆ ಆಯಿತು. ಸಂಘದ ಅಕ್ಕ ಮೊದಲ ದಿನ ಅನುಮಾನದಿಂದ ಎರಡು ಸಾಲು ಹೊಡೆದು, "ಅಯ್ಯ, ಇದು ನಮ್ದ ಐತಲ್ರಿ" ಅಂದರು.

ಇನ್ನು ಹಾಕುವ ಕೆಲಸ. ಮೊದಲು ಬ್ಯಾಕಪ್, ಆಮೇಲೆ ಮಾತು. ವಿಂಡೋಸ್ ಪಾಲನ್ನು ಕುಗ್ಗಿಸುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿ, ಯುಪಿಎಸ್ ಬ್ಯಾಟರಿ ಗಟ್ಟಿಯಿರುವ ದಿನ ಮಾಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ. ಬಯಾಸ್‌ನಲ್ಲಿ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ, ಡಿಸ್ಕಿಗೆ ಇಂಟೆಲ್‌ನ ರೇಡ್ ವಿಧಾನ ಹಾಕಿರುತ್ತಾರೆ, ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ತರಬೇಕು. ಸುಮ್ನೆ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ವಿಂಡೋಸ್ ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳುವಂತೆ ಹೇಳಿಟ್ಟೇ ಬಯಾಸ್‌ಗೆ ಹೋಗಬೇಕು.

ಡೆಸ್ಕ್‌ಟಾಪ್ ಆದರೆ ನನ್ನ ಸಲಹೆ ಬೇರೆ. ಒಂದು ಡಿಸ್ಕ್ ಹರಿದು ಹಂಚಬೇಡಿ, ಲಿನಕ್ಸ್‌ಗೆ ಬೇರೆಯೇ ಸಣ್ಣ ಎಸ್‌ಎಸ್‌ಡಿ ಹಾಕಿಸಿ. ಹಾಕುವಾಗ ವಿಂಡೋಸ್ ಡಿಸ್ಕಿನ ಕೇಬಲ್ ಕಿತ್ತಿಡಿ. ಕಿತ್ತಿಡದಿದ್ದರೆ ಲಿನಕ್ಸ್ ತನ್ನನ್ನು ಎಬ್ಬಿಸುವ ಬೂಟ್‌ಲೋಡರ್ ಅನ್ನು ಹೋಗಿ ಹೋಗಿ ವಿಂಡೋಸ್ ಡಿಸ್ಕಿನಲ್ಲೇ ಇಟ್ಟು ಬರುವುದುಂಟು. ಮುಂದೊಂದು ದಿನ ಒಂದು ಡಿಸ್ಕ್ ತೆಗೆದರೆ ಇನ್ನೊಂದೂ ಏಳುವುದಿಲ್ಲ. ಬೇರೆ ಬೇರೆ ಇಟ್ಟರೆ ಅಣ್ಣತಮ್ಮಂದಿರ ಪಾಲು ಆದ ಹಾಗೆ, ಜಗಳ ಕಡಿಮೆ.

ಚಾಲೂ ಆದಾಗ ಯಾವ ಸಿಸ್ಟಮ್ ಬೇಕು ಅಂತ ಕೇಳುವ ಗ್ರಬ್ ಮೆನುವನ್ನು ಕೊನೆಯ ಸಲ ಆರಿಸಿದ್ದೇ ಮತ್ತೆ ಬರುವ ಹಾಗೆ ಇಡುತ್ತೇನೆ. ಕಾರಣ ಇದೆ. ವಿಂಡೋಸ್ ಅಪ್‌ಡೇಟ್ ಎರಡು ಮೂರು ಸಲ ರೀಸ್ಟಾರ್ಟ್ ಕೇಳುತ್ತದೆ. ಗುಮಾಸ್ತರು ಚಹಾಕ್ಕೆ ಹೋಗಿರುತ್ತಾರೆ, ಹಾಗೆ ಇಡದಿದ್ದರೆ ಗ್ರಬ್ ತಾನಾಗಿ ಲಿನಕ್ಸ್‌ಗೆ ಹೋಗಿ ನಿಂತಿರುತ್ತದೆ, ಅಪ್‌ಡೇಟ್ ಅರ್ಧಕ್ಕೆ ಕಾಯುತ್ತಿರುತ್ತದೆ. ಅಪ್‌ಡೇಟೇ ಲಿನಕ್ಸ್‌ಗೆ ಅಡ್ಡ ಬಂದದ್ದೂ ಉಂಟು: 2024ರ ಆಗಸ್ಟ್‌ನ ವಿಂಡೋಸ್ ಭದ್ರತಾ ಅಪ್‌ಡೇಟ್ ನಂತರ ಸೆಕ್ಯೂರ್ ಬೂಟ್ (ನಂಬಿಕೆಯ ಬೂಟ್ ಫೈಲು ಮಾತ್ರ ಏಳಲು ಬಿಡುವ ಕಾವಲು) ಚಾಲೂ ಇದ್ದ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದೆ ಹೋಯಿತು. ಹಾಗಾಗಿ ಲಿನಕ್ಸ್ ಹಾಕಿದ ಪೆನ್‌ಡ್ರೈವ್ ಒಂದನ್ನು ಅಳಿಸದೆ ಡ್ರಾಯರ್‌ನಲ್ಲಿ ಇಟ್ಟುಕೊಂಡಿರಿ.

ಕೊನೆಗೆ ಬಿಟ್‌ಲಾಕರ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 11 ಡಿಸ್ಕನ್ನು ತಾನಾಗಿ ಬೀಗ ಹಾಕಿಟ್ಟಿರುತ್ತದೆ, ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಮುಟ್ಟಿದರೆ ಸಾಕು, ನೀಲಿ ತೆರೆ ಬಂದು 48 ಅಂಕಿಯ ರಿಕವರಿ ಕೀಲಿ ಕೇಳಬಹುದು. ಆ ಕೀಲಿ ಸಾಮಾನ್ಯವಾಗಿ ಮೊದಲು ಲಾಗಿನ್ ಆದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಇದೇ ಸಂಘದ ಹೊಸ ಲ್ಯಾಪ್‌ಟಾಪಿಗೆ ಮೊದಲು ಲಾಗಿನ್ ಆದವನು ಮ್ಯಾನೇಜರರ ಅಳಿಯ. ಅವನಿರುವುದು ಪುಣೆಯಲ್ಲಿ. ಫೋನ್ ಹಚ್ಚಿ, ಅವನು ಡ್ಯೂಟಿ ಮುಗಿಸಿ ರೂಮಿಗೆ ಬರುವ ತನಕ ಕಾದು, ಎಂಟು ಗುಂಪುಗಳನ್ನು, ಒಂದೊಂದರಲ್ಲಿ ಆರಾರು ಅಂಕಿ, ಅಕ್ಕ ಒಂದು ಹಾಳೆಯ ಮೇಲೆ ಬರೆದುಕೊಂಡರು. ನಾನು ಎರಡು ಸಲ ಓದಿಸಿ ತಾಳೆ ನೋಡಿದೆ. ಮ್ಯಾನೇಜರ್ ಸಾಹೇಬರು ಆ ಹಾಳೆಯನ್ನು ಪಾಕೀಟಿನಲ್ಲಿ ಹಾಕಿ, ಅಂಟಿಸಿ, ಮೇಲೆ ಸಹಿ ಮಾಡಿ, ಬಂಗಾರದ ಸಾಲದ ಪಾಕೀಟುಗಳ ಜೊತೆ ತಿಜೋರಿಯಲ್ಲಿ ಇಟ್ಟರು. ರಿಜಿಸ್ಟರಿನಲ್ಲಿ ಅದಕ್ಕೂ ಒಂದು ನಂಬರ್ ಇದೆ.