ಆಲಿಸನ್‌ಳ ಕಿವುಡು ಕಿವಿ, ಗುಡಿಸಲಿನ ಹೆಂಗಸರ ರಾತ್ರಿ

ಮಧ್ಯಯುಗದ ಇಂಗ್ಲಿಷ್ ಕಾವ್ಯದಲ್ಲಿ ಹೆಣ್ಣಿನ ಬದುಕು ಹೇಗಿದೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲ ಮೊದಲು ಬರೆಯುವ ಹೆಸರು 14ನೇ ಶತಮಾನದ ಕವಿ ಚಾಸರನ ‘ಕ್ಯಾಂಟರ್ಬರಿ ಟೇಲ್ಸ್’ ಕಾವ್ಯದ ‘ವೈಫ್ ಆಫ್ ಬಾತ್’, ಅಂದರೆ ಬಾತ್ ಊರಿನ ಹೆಂಗಸು ಆಲಿಸನ್. ಐದು ಮದುವೆ, ಕೆಂಪು ಕಾಲುಚೀಲ, ಸಂದಿಯಿರುವ ಹಲ್ಲು ಎಂದು ಬರೆದು ಮುಂದೆ ಹೋಗುತ್ತೇವೆ. ದಯವಿಟ್ಟು ಅವಳ ಕಿವಿಯನ್ನು ಮರೆಯಬೇಡಿ.

ಅವಳನ್ನು ಪರಿಚಯಿಸುವ ಎರಡನೆಯ ಸಾಲಿನಲ್ಲೇ ಚಾಸರ್ ಅವಳಿಗೆ ಸ್ವಲ್ಪ ಕಿವುಡು ಎನ್ನುತ್ತಾನೆ. ಯಾಕೆ ಎನ್ನುವುದು ಗೊತ್ತಾಗುವುದು ಎಷ್ಟೋ ಆಮೇಲೆ, ಅವಳೇ ಬಾಯಿಬಿಟ್ಟಾಗ. 12ನೇ ವಯಸ್ಸಿಗೆ ಮೊದಲ ಮದುವೆ. ಅಂದಿನ ಚರ್ಚಿನ ಕಾನೂನು ಹುಡುಗಿಯರಿಗೆ ಒಪ್ಪಿದ್ದ ವಯಸ್ಸೇ ಅದು. ಐದನೆಯ ಗಂಡ ಜಾಂಕಿನ್ ಓದಿದವನು, 20ರ ಹುಡುಗ, ಇವಳಿಗೆ 40. ಅವನು ಬೆಂಕಿಯ ಮುಂದೆ ಕೂತು ‘ಕೆಟ್ಟ ಹೆಂಡತಿಯರ’ ಕತೆಗಳ ಪುಸ್ತಕವನ್ನು ಇವಳಿಗೆ ಓದಿ ಹೇಳುತ್ತಿದ್ದ. ಒಂದು ರಾತ್ರಿ ತಾಳಲಾರದೆ ಮೂರು ಹಾಳೆ ಕಿತ್ತು ಅವನ ಕೆನ್ನೆಗೆ ಗುದ್ದಿದಳು. ಅವನು ತಲೆಗೆ ಹೊಡೆದ. ಕಿವಿ ಹೋಯಿತು.

ಹಾಗಾಗಿ ‘ಸಿಂಹದ ಚಿತ್ರ ಬರೆದವರು ಯಾರು?’ ಎಂಬ ಅವಳ ಪ್ರಶ್ನೆ ಬರೀ ಜಾಣಮಾತಲ್ಲ. ಮನುಷ್ಯ ಸಿಂಹವನ್ನು ಗೆದ್ದ ಚಿತ್ರದ ಹಳೆಯ ಕತೆ ಅದು: ಚಿತ್ರ ಬರೆದವನು ಮನುಷ್ಯ, ಅದಕ್ಕೇ ಸಿಂಹ ಸೋತಿದೆ. ಪುಸ್ತಕ ಬರೆದವರು ಗಂಡಸರು, ಅದಕ್ಕೇ ಹೆಂಗಸರು ಕೆಟ್ಟವರು. ಇದನ್ನು ಅವಳ ಬಾಯಲ್ಲಿ ಹೇಳಿಸಿದವನೂ ಗಂಡಸೇ ಎನ್ನುವುದನ್ನು ಉತ್ತರದಲ್ಲಿ ಬರೆಯಲೇಬೇಕು.

ಆದರೂ ಆಲಿಸನ್ ಅನುಕೂಲಸ್ಥೆ. ನೇಯ್ಗೆಯಲ್ಲಿ ಅದಕ್ಕೇ ಹೆಸರಾದ ಈಪ್ರ್, ಗೆಂಟ್ ಊರಿನವರನ್ನೂ ಮೀರಿಸಿದವಳು, ಮೂರು ಸಲ ಜೆರುಸಲೇಮಿಗೆ ಹೋಗಿಬಂದವಳು. ಬಡವರ ಮನೆ ನೋಡಬೇಕಾದರೆ ಅದೇ ಕಾಲದ ಕವಿ ಲ್ಯಾಂಗ್‌ಲ್ಯಾಂಡನ ‘ಪಿಯರ್ಸ್ ಪ್ಲೌಮನ್’ ಕಾವ್ಯ ತೆರೆಯಿರಿ: ‘ಸಿ’ ಪಾಠ (ಆ ಕಾವ್ಯದ ಬೇರೆಬೇರೆ ರೂಪಗಳಲ್ಲಿ ಒಂದು), 9ನೇ ಭಾಗ. ಸಿಲಬಸ್‌ನಲ್ಲಿ ಇಲ್ಲದಿದ್ದರೂ ಓದಿ. ನನಗೆ ಆಲಿಸನ್‌ಗಿಂತ ಹೆಚ್ಚು ಕಾಡುವುದು ಈ ಸಾಲುಗಳೇ.

ಅಲ್ಲಿನ ಹೆಂಗಸರಿಗೆ ಮನೆ ತುಂಬ ಮಕ್ಕಳು, ತಲೆಯ ಮೇಲೆ ಜಮೀನ್ದಾರನ ಬಾಡಿಗೆ. ನೂತು ಉಳಿಸಿದ ಕಾಸು ಬಾಡಿಗೆಗೆ, ಇಲ್ಲವೇ ಅನ್ನಕ್ಕೆ ಅಳುವ ಮಕ್ಕಳ ಹಾಲು ಹಿಟ್ಟಿನ ಗಂಜಿಗೆ. ತಮಗೆ ಹಸಿವೇ. ಚಳಿಗಾಲದ ನಡುರಾತ್ರಿ ಎದ್ದು ತೊಟ್ಟಿಲು ತೂಗುತ್ತಾರೆ, ಉಣ್ಣೆ ಹಿಂಜುತ್ತಾರೆ, ತೇಪೆ ಹಾಕುತ್ತಾರೆ, ಬಟ್ಟೆ ಒಗೆಯುತ್ತಾರೆ, ದೀಪದ ಬತ್ತಿಗೆ ಜೊಂಡು ಸುಲಿಯುತ್ತಾರೆ. ಬೇಡುವುದಕ್ಕೆ ನಾಚಿಕೆ, ನೆರೆಮನೆಗೆ ತಿಳಿಯಬಾರದು. ಇವರ ಪಾಡನ್ನು ಓದುವುದಕ್ಕೂ ಪದ್ಯದಲ್ಲಿ ಹೇಳುವುದಕ್ಕೂ ಸಂಕಟವಾಗುತ್ತದೆ ಎಂದು ಕವಿ ಅಲ್ಲೇ ಬರೆದುಬಿಡುತ್ತಾನೆ.