ಹಗ್ಗ ಎಳೆಯುತ್ತದೆ, ತಳ್ಳುವುದಿಲ್ಲ

ಊರಿನಲ್ಲಿ ಎಲ್ಲಿ ಮಣ್ಣು ಅಗೆಯುತ್ತಿದ್ದರೂ ನಾಲ್ಕು ಜನ ಕೈಕಟ್ಟಿ ನಿಂತು ನೋಡುತ್ತಾರೆ. ಯಂತ್ರ ಯಾವ ಕಂಪನಿಯದಾದರೂ ಅದಕ್ಕೆ ಚಕ್ರವಿದ್ದರೆ ಜೆಸಿಬಿ, ಪಟ್ಟಿಯ ಮೇಲೆ ತೆವಳಿದರೆ ಹಿಟಾಚಿ. ಆ ಹೆಸರುಗಳ ಬಗ್ಗೆ ನನ್ನ ತಕರಾರಿಲ್ಲ. ಹಾಗೆ ನಿಂತವರಲ್ಲಿ ಒಬ್ಬರಾದರೂ ಆಡುವ ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ: ಹಿಂದಿನ ಯಂತ್ರಗಳಿಗೆ ಇಷ್ಟು ಶಕ್ತಿ ಇರಲಿಲ್ಲವಂತೆ, ಅದಕ್ಕೇ ಅವು ಮೂಲೆ ಸೇರಿದವಂತೆ. ಹಳೆಯ ಅಗೆಯುವ ಯಂತ್ರಗಳ ಚಿತ್ರ, ಕೈಪಿಡಿ, ಬಿಡಿಭಾಗಗಳ ಪಟ್ಟಿಗಳನ್ನು ಜೋಪಾನವಾಗಿ ಕೂಡಿಡುವ ಹವ್ಯಾಸಿಗಳನ್ನು ಗುಜರಿಯ ಭಕ್ತರೆಂದು ನಗುವವರ ಮನಸ್ಸಿನಲ್ಲಿರುವುದೂ ಇದೇ ಎಣಿಕೆ. ಆದರೆ ಆ ಚಿತ್ರಗಳನ್ನು ಸಾವಧಾನವಾಗಿ ನೋಡಿದರೆ ಹಳೆಯ ಯಂತ್ರದ ಸ್ನಾಯುಗಳೆಲ್ಲ ಹಗ್ಗ ಇಲ್ಲವೇ ಸರಪಳಿ ಎಂಬುದು ಕಾಣುತ್ತದೆ. ಅದರ ಸೋಲುಗೆಲುವುಗಳ ಗುಟ್ಟು ಅಲ್ಲಿಯೇ ಇದೆ.

ನಮ್ಮ ಹಳೆಯ ನೀರಾವರಿಯಲ್ಲಿ ಈ ಗುಟ್ಟು ಎರಡು ರೂಪದಲ್ಲಿ ಬಳಕೆಯಲ್ಲಿತ್ತು. ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದಂತೆ ರಾಟೆಯ ಮೇಲೆ ಹಾಯ್ದ ಹಗ್ಗ ನೀರು ತುಂಬಿದ ಚರ್ಮದ ಚೀಲವನ್ನು ಮೇಲೆತ್ತುತ್ತದೆ. ಎತ್ತುಗಳು ಹಿಂದಕ್ಕೆ ಬಂದಾಗ ಚೀಲ ತನ್ನ ಭಾರದಿಂದಲೇ ಬಾವಿಗೆ ಇಳಿಯಬೇಕು, ಹಗ್ಗ ಅದನ್ನು ಕೆಳಕ್ಕೆ ದೂಡಲಾರದು. ಏತದ ಬಾನಿಗೆ ಕಟ್ಟಿರುವುದು ಗಳ. ಗಳವನ್ನು ಹಿಡಿದು ಒತ್ತಿದರೆ ಬಾನಿ ನೀರಿನೊಳಕ್ಕೆ ಹೋಗುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. ಕಪಿಲೆಯ ಎತ್ತುಗಳ ಮುಂದೆ ಏತದವನ ಬಲ ಎಷ್ಟರದು? ಆದರೂ ಎತ್ತುಗಳಿಂದ ಆಗದ ಒಂದು ಕೆಲಸ ಅವನಿಂದ ಆಗುತ್ತದೆ.

ಅಮೆರಿಕದ ವಿಲಿಯಂ ಓಟಿಸ್ 1839ರಲ್ಲಿ ಪೇಟೆಂಟ್ ಪಡೆದ ಉಗಿ ಸನಿಕೆಯಿಂದಲೇ ಯಂತ್ರಶಿಲ್ಪಿಗಳಿಗೆ ಈ ತೊಡಕು ಎದುರಾಗಿತ್ತು. ಮುಂದೆ ಪನಾಮಾ ಕಾಲುವೆಯಲ್ಲಿ ದುಡಿದ ಉಗಿ ಸನಿಕೆಗಳಲ್ಲಿ ಬುಸೈರಸ್ ಕಂಪನಿಯವೇ 77 ಇದ್ದವು. 1906ರ ನವೆಂಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬಿಳಿಯ ಉಡುಪಿನಲ್ಲಿ ಏರಿ ಕುಳಿತು ಚಿತ್ರ ತೆಗೆಸಿಕೊಂಡದ್ದು ಅವುಗಳಲ್ಲೊಂದರ ಮೇಲೆ. ಎಲ್ಲರೂ ಆ ಚಿತ್ರದಲ್ಲಿ ಅಧ್ಯಕ್ಷರನ್ನು ನೋಡುತ್ತಾರೆ. ನೋಡಬೇಕಾದದ್ದು ಅಂಥ ಸನಿಕೆಯ ಬೂಮಿನ, ಅಂದರೆ ಮುಂದಕ್ಕೆ ಚಾಚಿದ ಉದ್ದನೆಯ ತೋಳಿನ, ಮೇಲೆ ಕೂರಿಸಿದ ಇನ್ನೊಂದು ಪುಟ್ಟ ಉಗಿ ಎಂಜಿನ್ನನ್ನು. ಬಕೆಟ್ಟನ್ನು ಮೇಲೆತ್ತಲು ದೊಡ್ಡ ಎಂಜಿನ್ ಇದ್ದರೂ ಹಲ್ಲುಗಳನ್ನು ಮಣ್ಣಿನ ಗೋಡೆಯೊಳಕ್ಕೆ ನೂಕಲು ಅದರಿಂದ ಆಗುತ್ತಿರಲಿಲ್ಲವಾದ್ದರಿಂದ, ಬಕೆಟ್ಟಿನ ಹಿಡಿಕೋಲಿಗೆ ಹಲ್ಲುಪಟ್ಟಿ ಜೋಡಿಸಿ, ಗಿಯರಿನಿಂದ ಅದನ್ನು ಮುಂದಕ್ಕೆ ತಳ್ಳಲು ಬೇರೆಯೇ ಎಂಜಿನ್ ಇಟ್ಟಿದ್ದರು. ಅದನ್ನು ನಡೆಸಲು ಬೂಮಿನ ಬಳಿಯೇ ಇನ್ನೊಬ್ಬ ಆಳು ನಿಂತಿರುತ್ತಿದ್ದ.

ಈ ಉಪಾಯವನ್ನೂ ಕೈಬಿಟ್ಟು ಹಗ್ಗವನ್ನೇ ನೆಚ್ಚಿಕೊಂಡ ಯಂತ್ರ ಡ್ರ್ಯಾಗ್‌ಲೈನ್. ಶಿಕಾಗೊದ ಜಾನ್ ಪೇಜ್ 1904ರಲ್ಲಿ ಅದನ್ನು ರೂಪಿಸಿದ. ನನಗೆ ಇದಕ್ಕಿಂತ ಚೆಂದದ ಯಂತ್ರ ಇನ್ನೊಂದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಉದ್ದನೆಯ ಬೂಮಿನ ತುದಿಯಿಂದ ಒಂದು ಹಗ್ಗ ಬಕೆಟ್ಟನ್ನು ತೂಗುಹಾಕಿರುತ್ತದೆ. ಯಂತ್ರದ ಬುಡದಿಂದ ಹೊರಟ ಇನ್ನೊಂದು ಹಗ್ಗ ಅದನ್ನು ತನ್ನ ಕಡೆಗೆ ಎಳೆಯುತ್ತದೆ. ಬಕೆಟ್ಟು ನೆಲದ ಮೇಲೆ ಜಾರುತ್ತ, ಹಲ್ಲೂರಿ ಮಣ್ಣು ತುಂಬಿಕೊಂಡು ಬರುತ್ತದೆ. ಇನ್ನು ಮೂರನೆಯದಾಗಿ ಒಂದು ಗಿಡ್ಡ ಹಗ್ಗವಿದೆ. ಅದು ಎಳೆಯುವ ಹಗ್ಗದ ತುದಿಯಿಂದ ಹೊರಟು, ಮೇಲಿನ ಸಣ್ಣ ರಾಟೆಯೊಂದನ್ನು ಬಳಸಿ, ಬಕೆಟ್ಟಿನ ಮೂತಿಗೆ ಬಂದು ಕಟ್ಟಿಕೊಳ್ಳುತ್ತದೆ. ಎಳೆಯುವ ಹಗ್ಗ ಬಿಗಿಯಾಗಿರುವವರೆಗೆ ಈ ಗಿಡ್ಡ ಹಗ್ಗವೂ ಬಿಗಿಯಾಗಿದ್ದು ಮೂತಿಯನ್ನು ಎತ್ತಿ ಹಿಡಿಯುತ್ತದೆ, ಸಡಿಲಿಸಿದ ಕೂಡಲೇ ಮೂತಿ ಬಾಗಿ ಮಣ್ಣು ಸುರಿಯುತ್ತದೆ. ಎತ್ತಿನ ಮೂಗುದಾರವನ್ನು ನೆನೆದರೆ ಇದು ಅರ್ಥವಾದೀತು. ಸೂತ್ರದ ಗೊಂಬೆಯ ಬಾಗಿದ ತಲೆಯನ್ನು ನೆನೆದರೂ ಆದೀತು. ನುರಿತ ಆಪರೇಟರ್ ಯಂತ್ರವನ್ನು ತಿರುಗಿಸುತ್ತಿರುವಾಗಲೇ ಹಗ್ಗ ಸಡಿಲಿಸಿ, ಬೀಸುಬಲೆ ಎಸೆಯುವ ಬೆಸ್ತನಂತೆ, ಬಕೆಟ್ಟನ್ನು ಬೂಮಿನ ತುದಿಗಿಂತಲೂ ಆಚೆಗೆ ಎಸೆಯಬಲ್ಲ. ಹಗ್ಗ ಸುತ್ತುವ ಡ್ರಮ್ಮಿಗೆ ಕ್ಲಚ್ಚು ಎಷ್ಟು ಕಚ್ಚಿಕೊಂಡಿದೆ ಎಂಬುದು ಲಿವರಿನ ಮೂಲಕ ಅವನ ಅಂಗೈಗೆ ತಿಳಿಯುತ್ತಿತ್ತು.

ಆದರೆ ಬಕೆಟ್ಟು ನೆಲಕ್ಕೆ ಹಲ್ಲೂರುವುದು ತನ್ನ ಭಾರದಿಂದ ಮಾತ್ರ. ಗಟ್ಟಿ ನೆಲಕ್ಕೆ ಭಾರವಾದ ಬಕೆಟ್ಟು ಬೇಕು. ಬಕೆಟ್ಟಿಗೆ ಸೇರಿಸಿದ ಉಕ್ಕಿನಷ್ಟೇ ತೂಕದ ಮಣ್ಣನ್ನು ಹೊರೆಯಿಂದ ಕಳೆಯಬೇಕು. ಹಗ್ಗದಿಂದ ಅಲಗನ್ನು ಎತ್ತುತ್ತಿದ್ದ ಹಳೆಯ ಬುಲ್ಡೋಜರ್‌ಗಳ ಪಾಡೂ ಇದೇ ಆಗಿತ್ತು.

ಹಗ್ಗವನ್ನು ಹೀಗೆ ದೂರುವಾಗ ಅದರ ಋಣವನ್ನು ಮರೆಯಬಾರದು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಗಳಲ್ಲಿ ಸರಪಳಿಗಳು ತುಂಡಾಗುವುದನ್ನು ಕಂಡ ವಿಲ್ಹೆಲ್ಮ್ ಆಲ್ಬರ್ಟ್ 1834ರಲ್ಲಿ ಕಬ್ಬಿಣದ ತಂತಿಗಳನ್ನು ಹೊಸೆದ ಹಗ್ಗವನ್ನು ಬಳಕೆಗೆ ತಂದ. ಸರಪಳಿಯ ಒಂದು ಕೊಂಡಿ ಮುರಿದರೆ ಇಡೀ ಹೊರೆ ಪಾತಾಳಕ್ಕೆ. ತಂತಿಹಗ್ಗದಲ್ಲಿ ಒಂದೆಳೆ ಹರಿದರೆ ಉಳಿದ ಎಳೆಗಳು ಭಾರ ಹಂಚಿಕೊಳ್ಳುತ್ತವೆ, ಹರಿದ ಎಳೆ ಹೊರಗೆ ಚಾಚಿ ಮುನ್ಸೂಚನೆ ಕೊಡುತ್ತದೆ. ಮೂರು ಕಿಲೋಮೀಟರಿಗೂ ಆಳವಾದ ಕೋಲಾರದ ಚಾಂಪಿಯನ್ ರೀಫ್ ಗಣಿಗೆ ಜನ ಇಳಿದು ಹತ್ತುತ್ತಿದ್ದದ್ದು ಉಕ್ಕಿನ ಹಗ್ಗವನ್ನು ನಂಬಿಯೇ.

ತಳ್ಳುವ ಸ್ನಾಯು ಬಂದದ್ದು ದ್ರವದಿಂದ. ಜೋಸೆಫ್ ಬ್ರಾಮಾ 1795ರಲ್ಲೇ ನೀರಿನೊತ್ತಡದ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. 1882ರಲ್ಲಿ ಆರ್ಮ್‌ಸ್ಟ್ರಾಂಗ್ ಕಂಪನಿ ಇಂಗ್ಲೆಂಡಿನ ಹಲ್ ಬಂದರಿನ ಕಾಮಗಾರಿಗೆ ನೀರಿನೊತ್ತಡದಿಂದ ನಡೆಯುವ ಅಗೆಯುವ ಯಂತ್ರವನ್ನೇ ಕಟ್ಟಿಕೊಟ್ಟಿತು. ಆದರೆ ಅದರ ಸಿಲಿಂಡರ್ ಹಗ್ಗ ರಾಟೆಗಳನ್ನು ಎಳೆದು ಬಕೆಟ್ಟನ್ನು ನಡೆಸುತ್ತಿತ್ತು. ಗಳ ಕೈಯಲ್ಲಿದ್ದರೂ ಅದಕ್ಕೆ ಹಗ್ಗ ಕಟ್ಟಿ ನೀರೆಳೆದಂತಾಯಿತು! ಹೆಚ್ಚಿನ ಒತ್ತಡವನ್ನು ಸೋರದಂತೆ ತಡೆಯುವ ಸೀಲು, ಹೋಸ್ ಪೈಪುಗಳು ಸುಲಭವಾಗಿ ದೊರೆತ ಮೇಲೆಯೇ, ಅಂದರೆ ಎರಡನೆಯ ಮಹಾಯುದ್ಧದ ಬಳಿಕ, ಸಿಲಿಂಡರ್ ನೇರವಾಗಿ ಬಕೆಟ್ಟಿನ ತೋಳಿಗೆ ಬಂತು. 1953ರಲ್ಲಿ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಟ್ರ್ಯಾಕ್ಟರಿನ ಮುಂದೊಂದು ಹಿಂದೊಂದು ಬಕೆಟ್ ಜೋಡಿಸಿದ. ಜೆಸಿಬಿ ಎಂಬುದು ಆತನ ಹೆಸರಿನ ಮೊದಲಕ್ಷರಗಳು. ಮರುವರ್ಷವೇ ಜರ್ಮನಿಯ ಡೆಮಾಗ್ ಕಂಪನಿ ಪೂರ್ತಿ ಸುತ್ತು ತಿರುಗುವ, ಪೂರ್ತಿ ಹೈಡ್ರಾಲಿಕ್, ಅಂದರೆ ದ್ರವದೊತ್ತಡದಿಂದಲೇ ನಡೆಯುವ, ಯಂತ್ರವನ್ನು ಹೊರತಂದಿತು.

ಲೆಕ್ಕ ಸರಳವಾಗಿದೆ. ಇಂದಿನ ಯಂತ್ರಗಳಲ್ಲಿ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 350 ಕಿಲೋಗ್ರಾಂ ಮುಟ್ಟುವುದು ಸಾಮಾನ್ಯ. 12 ಸೆಂಟಿಮೀಟರ್ ವ್ಯಾಸದ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 113 ಚದರ ಸೆಂಟಿಮೀಟರ್. ಅಂದರೆ ಊಟದ ತಟ್ಟೆಗಿಂತ ಚಿಕ್ಕದಾದ ಉಕ್ಕಿನ ಬಿಲ್ಲೆಯೊಂದು ಸುಮಾರು 40 ಟನ್ನಿನಷ್ಟು ಬಲದಿಂದ ಒತ್ತುತ್ತದೆ. ಎಣ್ಣೆಯನ್ನು ಇನ್ನೊಂದು ಬದಿಗೆ ಹರಿಸಿದರೆ ಅದೇ ಪಿಸ್ಟನ್ ಎಳೆಯುತ್ತದೆ. ಜೆಸಿಬಿ ತನ್ನ ಬಕೆಟ್ಟನ್ನೇ ನೆಲಕ್ಕೂರಿ ಗಾಲಿಗಳನ್ನು ಎತ್ತಿ ನಿಂತಾಗ ಜನ ಶಿಳ್ಳೆ ಹೊಡೆಯುತ್ತಾರೆ. ಆಗ ಬಕೆಟ್ಟು ನೆಲವನ್ನು ಒತ್ತುತ್ತಿದೆ, ನೆಲ ಯಂತ್ರವನ್ನು ಮೇಲಕ್ಕೊತ್ತುತ್ತಿದೆ. ಅದೆಷ್ಟು ದೊಡ್ಡ ಹಗ್ಗದ ಯಂತ್ರವಾದರೂ ಈ ಆಟ ಅದರಿಂದಾಗದು.

ಹಾಗೆಂದು ಶಕ್ತಿಯಲ್ಲಿ ಅದು ಹಿಂದೆ ಬಿದ್ದಿರಲಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಕಲ್ಲಿದ್ದಲು ಗಣಿಯಲ್ಲಿ 1969ರಿಂದ 1991ರವರೆಗೆ ದುಡಿದ ‘ಬಿಗ್ ಮಸ್ಕಿ’ ಡ್ರ್ಯಾಗ್‌ಲೈನಿನ ಬಕೆಟ್ಟು ಒಂದು ಸಲಕ್ಕೆ 168 ಘನಮೀಟರ್ ಮಣ್ಣನ್ನು ಎತ್ತುತ್ತಿತ್ತು. ಹತ್ತು ಘನಮೀಟರ್ ಹಿಡಿಯುವ ಟಿಪ್ಪರ್ ಹದಿನೇಳು ಬೇಕು. ಯಾವ ಹೈಡ್ರಾಲಿಕ್ ಯಂತ್ರವೂ ಇದುವರೆಗೆ ಅದರ ಹತ್ತಿರ ಸುಳಿದಿಲ್ಲ. ದೊಡ್ಡ ಗಣಿಗಳಲ್ಲಿ ಇಂದಿಗೂ ಡ್ರ್ಯಾಗ್‌ಲೈನುಗಳು ಹಗ್ಗದ ಮೇಲೆಯೇ ನಡೆಯುತ್ತವೆ, ಏಕೆಂದರೆ ನೂರು ಮೀಟರ್ ದೂರದ ಮಣ್ಣನ್ನು ಎಳೆದು ತರಬಲ್ಲ ಪಿಸ್ಟನ್ ಇಲ್ಲ.

ಇಂಗ್ಲೆಂಡಿನ ಲಿಂಕನ್ ಪಟ್ಟಣದ ರಸ್ಟನ್ ಪ್ರಾಕ್ಟರ್ ಕಂಪನಿ 1909ರಲ್ಲಿ ತಯಾರಿಸಿದ 306ನೇ ಸಂಖ್ಯೆಯ ಉಗಿ ಸನಿಕೆಯನ್ನು ಬೆಡ್‌ಫರ್ಡ್‌ಷೈರಿನ ಸುಣ್ಣಕಲ್ಲಿನ ಗುಂಡಿಯೊಂದರಲ್ಲಿ ಬಿಟ್ಟುಹೋಗಿದ್ದರು. ಗುಂಡಿಗೆ ನೀರು ತುಂಬಿ ಯಂತ್ರ ಮುಳುಗಿತು. ದಶಕಗಳ ಬಳಿಕ, 1970ರ ದಶಕದಲ್ಲಿ, ಹವ್ಯಾಸಿಗಳು ಅದನ್ನು ಮೇಲೆತ್ತಿದರು. ಕಂಬ್ರಿಯಾದ ಥ್ರೆಲ್‌ಕೆಲ್ಡ್ ಕಲ್ಲುಗಣಿಯಲ್ಲಿ ಅಂಥ ಹವ್ಯಾಸಿಗಳು ಹಗ್ಗದ ಯಂತ್ರಗಳ ದೊಡ್ಡ ಹಿಂಡನ್ನೇ ಸಾಕಿಕೊಂಡಿದ್ದಾರೆ. ಒಹಾಯೊದ ಬೌಲಿಂಗ್ ಗ್ರೀನ್ ಪಟ್ಟಣದಲ್ಲಿ ಹಳೆಯ ನಿರ್ಮಾಣ ಯಂತ್ರಗಳ ಸಂಘವೊಂದು ಕೈಪಿಡಿಗಳನ್ನೂ ಕರಪತ್ರಗಳನ್ನೂ ಛಾಯಾಚಿತ್ರಗಳನ್ನೂ ಸಂಗ್ರಹಿಸಿಟ್ಟಿದೆ. ತುಕ್ಕು ಹಿಡಿದ ಸಿಲಿಂಡರನ್ನು ಬಿಚ್ಚಿ ನೋಡಿದರೆ ಅದರ ಕೆಲಸ ಹೆಚ್ಚುಕಡಿಮೆ ಕಣ್ಣಿಗೇ ತಿಳಿಯುತ್ತದೆ. ಹಗ್ಗ ಮೊದಲು ಕೊಳೆಯುತ್ತದೆ, ಅದು ಹೋದರೆ ಯಾವ ರಾಟೆಯ ಎಡಕ್ಕೆ ಹಾಯಿತು, ಯಾವುದನ್ನು ಎರಡು ಸುತ್ತು ಬಳಸಿತು ಎಂಬುದನ್ನು ಹೇಳುವುದು ಕೈಪಿಡಿಯ ಆ ಒಂದು ಪುಟ ಮಾತ್ರ. ಕ್ಲಚ್ಚನ್ನು ಯಾವ ಗಳಿಗೆಯಲ್ಲಿ ಬಿಡಬೇಕೆಂಬುದು ಅಲ್ಲಿಯೂ ಇರುವುದಿಲ್ಲ, ಅದಕ್ಕೆ ನಡೆಸಿದವನನ್ನೇ ಕೇಳಬೇಕು.

ಬಿಗ್ ಮಸ್ಕಿಯನ್ನು 1999ರಲ್ಲಿ ಒಡೆದು ಗುಜರಿಗೆ ಹಾಕಿದರು. ಬಕೆಟ್ಟನ್ನು ಮಾತ್ರ ಒಹಾಯೊದ ಮೆಕಾನಲ್ಸ್‌ವಿಲ್ ಬಳಿಯ ಉದ್ಯಾನದಲ್ಲಿ ಉಳಿಸಿಕೊಂಡಿದ್ದಾರೆ; ನೋಡಲು ಬಂದವರು ಅದರೊಳಗೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.