ಎರೆ ಹೊಲದಲ್ಲಿ ಬ್ಯಾಟರಿ ಸ್ಥಾವರ: ಕಂಟೇನರ್ ಬರುವ ಮುಂಚೆ ಆಗಬೇಕಾದ ಕೆಲಸ

ಕುಷ್ಟಗಿ, ಯಲಬುರ್ಗಾ ಕಡೆ ಗಾಳಿಯಂತ್ರಗಳು ನಿಂತು ವರ್ಷಗಳಾದವು, ಸೋಲಾರ್ ಫಲಕಗಳೂ ಬಂದವು. ಮಧ್ಯಾಹ್ನ ಹೆಚ್ಚಾದ ವಿದ್ಯುತ್ತನ್ನು ಹಿಡಿದಿಟ್ಟು ಸಂಜೆ ಏಳರ ಬೇಡಿಕೆಗೆ ಕೊಡುವ ದೊಡ್ಡ ಬ್ಯಾಟರಿ ಸ್ಥಾವರಗಳದ್ದು ಈಗಿನ ಸರದಿ. ಜಾಗ ನೋಡಲು ಬಂದವರು ಮೊದಲು ಕೇಳುವುದು 220 ಕೆವಿ ಸಬ್‌ಸ್ಟೇಷನ್ ಎಷ್ಟು ದೂರ ಎಂದು. ಸರಿಯಾದ ಪ್ರಶ್ನೆಯೇ. ಆದರೆ ಕೊಪ್ಪಳ, ರಾಯಚೂರು ಭಾಗದಲ್ಲಿ ಅದರ ಬೆನ್ನಿಗೇ ಕೇಳಬೇಕಾದದ್ದು ಇನ್ನೊಂದಿದೆ: ಹೊಲ ಎರೆಯೋ (ಕಪ್ಪು ಮಣ್ಣೋ), ಮಸಾರಿಯೋ (ಕೆಂಪು ಮಣ್ಣೋ)? ಬ್ಯಾಟರಿಗಳು ಕಾರ್ಖಾನೆಯಲ್ಲೇ ಕಂಟೇನರಿನೊಳಗೆ ಜೋಡಣೆಯಾಗಿ, ಪರೀಕ್ಷೆಯಾಗಿ ಬರುತ್ತವೆ. ಇಲ್ಲಿ ನಮ್ಮ ಕೈಯಲ್ಲಿರುವುದು ನೆಲ, ನೀರು, ದಾರಿ ಮತ್ತು ಬಿಸಿಲು. ಕೆಲಸ ಕೆಡುವುದೂ ಅಲ್ಲೇ.

ಮೊದಲು ಲೆಕ್ಕ. 100 ಮೆಗಾವ್ಯಾಟನ್ನು ಎರಡು ತಾಸು ಕೊಡಬೇಕೆಂದರೆ ಮೀಟರಿನಲ್ಲಿ 200 ಮೆಗಾವ್ಯಾಟ್ ಅವರ್ ಕಾಣಬೇಕು. ಹೋಗಿಬರುವ ದಕ್ಷತೆ, ಅಂದರೆ ತುಂಬಿದ್ದರಲ್ಲಿ ಮರಳಿ ಸಿಗುವ ಪಾಲು, ಶೇ 85 ಎಂದು ಹಿಡಿದರೆ ಚಾರ್ಜಿಗೆ ಸುಮಾರು 235 ಬೇಕಾಗುತ್ತದೆ. ಈಗ ಹೆಚ್ಚಾಗಿ ಬರುವ 20 ಅಡಿ ಕಂಟೇನರಿನಲ್ಲಿ 314 ಆಂಪಿಯರ್ ಅವರ್‌ನ 4,992 ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳಿರುತ್ತವೆ. ಒಟ್ಟು ಸುಮಾರು 5 ಮೆಗಾವ್ಯಾಟ್ ಅವರ್. ಹಾಗೆಂದು 40 ಕಂಟೇನರ್ ಸಾಕು ಎನ್ನುವಂತಿಲ್ಲ. ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಕೇಬಲ್‌ಗಳ ನಷ್ಟವಿದೆ, ವರ್ಷ ವರ್ಷಕ್ಕೆ ಸೆಲ್ ಸವೆಯುತ್ತದೆ. ಮೊದಲ ದಿನವೇ 45ರ ಆಸುಪಾಸಿನಲ್ಲಿ ಯೋಚಿಸಿ, ಮುಂದೆ ಸೇರಿಸುವ ಕಂಟೇನರ್‌ಗಳಿಗೆ ಪಾಯ ಮತ್ತು ಕೇಬಲ್ ದಾರಿ ಈಗಲೇ ಬಿಟ್ಟಿಡಬೇಕು. ಚಾಲ್ತಿಯಲ್ಲಿರುವ ಯಾರ್ಡಿನೊಳಗೆ ಆಮೇಲೆ ಜೆಸಿಬಿ ಇಳಿಸುವುದು ಅಪಾಯದ ಕೆಲಸ.

ಒಂದು ಕಂಟೇನರ್ 40 ಟನ್ನಿಗೂ ಮೇಲೆ ತೂಗುತ್ತದೆ. ಅದನ್ನು ಎರೆ ನೆಲದ ಮೇಲೆ ಹಾಗೇ ಇಟ್ಟರೆ ಮಳೆಗಾಲದಲ್ಲಿ ಮಣ್ಣು ಉಬ್ಬಿ ಎತ್ತುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಸಿಯುತ್ತದೆ. ನಾಲ್ಕು ಮೂಲೆ ಒಂದೇ ಸಮನೆ ಏರಿಳಿದರೆ ಚಿಂತೆಯಿಲ್ಲ, ಹಾಗೆ ಆಗುವುದೇ ಇಲ್ಲ. ಅಂಚಿನ ಮಣ್ಣು ಮೊದಲು ನೆನೆಯುತ್ತದೆ, ನಡುವಿನದು ಒಣಗೇ ಇರುತ್ತದೆ. ಚೌಕಟ್ಟು ತಿರುಚಿಕೊಂಡು ಬಾಗಿಲು ಬಿಗಿಯಾಗುತ್ತದೆ, ರಬ್ಬರ್ ಸೀಲು ಬಿಡುತ್ತದೆ, ಸೆಲ್‌ಗಳನ್ನು ತಂಪಾಗಿಡುವ ದ್ರವ (ಕೂಲೆಂಟ್) ಹರಿಯುವ ಪೈಪಿನ ಜೋಡಣೆ ಎಳೆದಂತಾಗಿ ಹನಿಯಲು ಶುರುವಾಗುತ್ತದೆ.

ಮಣ್ಣಿನ ಉಬ್ಬುವ ಗುಣ ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ. ಒಲೆಯಲ್ಲಿ ಒಣಗಿಸಿ 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, 100 ಮಿಲಿ ಲೀಟರಿನ ಎರಡು ಗಾಜಿನ ಅಳತೆ ಜಾಡಿಗೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಹಾಗಾಗಿ ಅದೇ ಅಳತೆಗೋಲು. ಒಂದು ದಿನ ಬಿಟ್ಟು ನೋಡಿದಾಗ ನೀರಿನ ಜಾಡಿಯ ಮಣ್ಣು ಸೀಮೆಎಣ್ಣೆಯ ಜಾಡಿಯದಕ್ಕಿಂತ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಎತ್ತರ ನಿಂತಿದ್ದರೆ ಅಲ್ಲಿ ಸಾದಾ ಪಾಯ ಕೂಡದು. ಬುಡ ಅಗಲಿಸಿದ ಪೈಲುಗಳನ್ನು (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬಗಳನ್ನು) ತೇವ ಏರಿಳಿಯುವ ಪದರ ದಾಟಿಸಿ ಇಳಿಸಬೇಕು. ಇಲ್ಲವೇ ಎರೆಯನ್ನು ಅಗೆದು ತೆಗೆದು, ಉಬ್ಬದ ಗರಸನ್ನು ಪದರ ಪದರವಾಗಿ ರೋಲರ್ ಹೊಡೆಸಿ ತುಂಬಬೇಕು. ಗರಸು ತುಂಬಿದ ಗುಂಡಿ ಸುತ್ತಲಿನ ಎರೆಯ ನಡುವೆ ಬೋಗುಣಿಯಂತಾಗಿ ನೀರು ಹಿಡಿದುಕೊಳ್ಳುತ್ತದೆ. ಇದನ್ನು ಹಲವರು ಮರೆಯುತ್ತಾರೆ. ಹೊರಗೆ ಬಸಿಗಾಲುವೆ ಮಾಡದೆ ಗರಸು ತುಂಬಿದರೆ ದುಡ್ಡು ಮಣ್ಣುಪಾಲು.

ಗಂಗಾವತಿ, ಸಿಂಧನೂರಿನ ಕಾಲುವೆ ಕೆಳಗಿನ ಭಾಗಗಳಲ್ಲಿ ಸವಳು ಹಿಡಿದ ನೆಲವೂ ಇದೆ. ಬಾಡಿಗೆ ಅಗ್ಗವೆಂದು ಅದನ್ನೇ ಆರಿಸುವ ಆಸೆ ಸಹಜ. ಮಣ್ಣಿನ ಕ್ಲೋರೈಡ್, ಸಲ್ಫೇಟ್ ಪರೀಕ್ಷೆ ಮಾಡಿಸದೆ ಒಪ್ಪಬೇಡಿ. ಅರ್ಥಿಂಗ್ ಪಟ್ಟಿಯನ್ನೂ ಕಾಂಕ್ರೀಟಿನ ಕಬ್ಬಿಣವನ್ನೂ ಅದು ತಿನ್ನುತ್ತದೆ. ಕಲ್ಲಿನ ಮೇಲಿನ ಮಸಾರಿಯ ಕಷ್ಟ ಬೇರೆ: ಪಾಯಕ್ಕೆ ಸೊಗಸು, ಅರ್ಥಿಂಗಿಗೆ ಕಠಿಣ. ನಾಲ್ಕು ಸರಳು ನೆಟ್ಟು ಮಾಡುವ ಮಣ್ಣಿನ ವಿದ್ಯುತ್ ರೋಧದ ಅಳತೆಯನ್ನು ನೆಲ ಪೂರ್ತಿ ಒಣಗಿದ ಮೇ ತಿಂಗಳಲ್ಲಿ ಮಾಡಿಸಿ. ಮಳೆ ಬಿದ್ದ ಮೇಲೆ ತೆಗೆದ ಅಂಕಿ ಮೋಸ ಮಾಡುತ್ತದೆ.

ಟ್ರೇಲರ್ ಸೇರಿದರೆ ರಸ್ತೆಯ ಮೇಲಿನ ಭಾರ ಸುಮಾರು 60 ಟನ್. ಹೆದ್ದಾರಿಗೆ ಅದೇನೂ ಹೊರೆಯಲ್ಲ. ಕೊನೆಯ ನಾಲ್ಕೈದು ಕಿಲೋಮೀಟರಿನ ಹಳ್ಳದ ಪೈಪು ಸೇತುವೆ ಮತ್ತು ಉಪಕಾಲುವೆಯ ಸೇತುವೆಗಳನ್ನು ಒಂದೊಂದಾಗಿ ನೋಡಬೇಕು. ಭತ್ತದ ಕಟಾವಿನ ಹೊತ್ತಿಗೆ ಸಾಗಣೆ ಇಟ್ಟುಕೊಂಡರೆ ಯಂತ್ರ, ಟ್ರ್ಯಾಕ್ಟರುಗಳ ನಡುವೆ ದಾರಿಯೇ ಸಿಗದು.

ಪಹಣಿಯಲ್ಲಿ ಒಬ್ಬರ ಹೆಸರಿದ್ದರೂ ಉಳುಮೆ ಅಣ್ಣತಮ್ಮಂದಿರ ಪಾಲಿನಂತೆ ನಡೆಯುತ್ತಿರುತ್ತದೆ. ಪೋಡಿ, ಹದ್ದುಬಸ್ತು ಮುಗಿಸಿ, ಎಲ್ಲರ ಸಹಿ ಪಡೆದೇ ಲೀಸ್ ಮಾಡುವುದು ಎರಡೂ ಕಡೆಗೆ ಒಳ್ಳೆಯದು. ಬೇಲಿಯೊಳಗೆ ಬಂಡಿದಾರಿ ಸಿಕ್ಕಿಕೊಂಡರಂತೂ ಹಿಂದಿನ ಹೊಲದವರು ನಿಲ್ಲಿಸುತ್ತಾರೆ, ನ್ಯಾಯವೂ ಅವರ ಕಡೆಗೇ ಇರುತ್ತದೆ. ಬದಲಿ ದಾರಿಯನ್ನು ಮೊದಲೇ ಕಟ್ಟಿಕೊಡಿ.

ಇಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಸೆಲ್‌ಗೆ ಹಿತವಾದದ್ದು 25ರ ಆಸುಪಾಸು. ಚಾರ್ಜ್ ಆಗುವುದು ಉರಿಬಿಸಿಲಿನ ಮಧ್ಯಾಹ್ನದಲ್ಲೇ, ಆಗಲೇ ತಂಪು ಮಾಡುವ ಯಂತ್ರ (ಚಿಲ್ಲರ್) ಕೂಡ ಅತಿ ಹೆಚ್ಚು ದುಡಿಯಬೇಕು. ಇನ್ವರ್ಟರಿನ ಪೂರ್ಣ ಸಾಮರ್ಥ್ಯ ಎಷ್ಟು ಡಿಗ್ರಿವರೆಗೆ ಎಂಬುದನ್ನು ಒಪ್ಪಂದದಲ್ಲೇ ಬರೆಸಿ. ರೇಡಿಯೇಟರಿನ ರೆಕ್ಕೆಗಳಿಗೆ ಕಾರಟಗಿ ಕಡೆ ರೈಸ್ ಮಿಲ್ಲಿನ ಹೊಟ್ಟು, ಸಂಡೂರು, ತೋರಣಗಲ್ಲಿನ ಕಡೆ ಅದಿರಿನ ಧೂಳು ಮೆತ್ತುತ್ತದೆ. ತಯಾರಕರ ಪುಸ್ತಕದಲ್ಲಿ ಬರೆದ ಸ್ವಚ್ಛತೆಯ ಅವಧಿ ಇಲ್ಲಿಗೆ ಸಾಲದು. ಗದ್ದೆಯ ಇಲಿಗಳು ಕೇಬಲ್ ಕಾಲುವೆಗೆ ನುಗ್ಗುವುದರಿಂದ ಪ್ರತಿ ತೂತನ್ನೂ ಮುಚ್ಚಿದ್ದಾರೋ ಎಂದು ಟಾರ್ಚು ಹಿಡಿದು ನೋಡಬೇಕು.

ಸೆಲ್‌ಗಳ ಒಂದು ಸ್ವಭಾವ ನಿರ್ವಹಣೆಯವರಿಗೆ ಗೊತ್ತಿರಲೇಬೇಕು. 416 ಸೆಲ್ ಸರಣಿಯಲ್ಲಿ ಸೇರಿ ಸುಮಾರು 1,330 ವೋಲ್ಟಿನ ಒಂದು ರ‍್ಯಾಕ್ ಆಗುತ್ತದೆ. ಕಾಲುಭಾಗ ತುಂಬಿದ ಸೆಲ್ಲೂ ಮುಕ್ಕಾಲು ತುಂಬಿದ ಸೆಲ್ಲೂ ಹೆಚ್ಚುಕಡಿಮೆ ಅದೇ 3.3 ವೋಲ್ಟ್ ತೋರಿಸುತ್ತವೆ. ವೋಲ್ಟೇಜ್ ನೋಡಿ ಒಳಗೆಷ್ಟಿದೆ ಎಂದು ಹೇಳಲಾಗದ್ದರಿಂದ ಬಿಎಂಎಸ್ (ಬ್ಯಾಟರಿಯ ಮೇಲೆ ನಿಗಾ ಇಡುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಒಳಹೋದ, ಹೊರಬಂದ ಕರೆಂಟಿನ ಲೆಕ್ಕ ಇಡುತ್ತದೆ; ಆ ಲೆಕ್ಕ ದಿನೇ ದಿನೇ ಸ್ವಲ್ಪ ಸ್ವಲ್ಪ ತಪ್ಪುತ್ತ ಹೋಗುತ್ತದೆ. ಆಗಾಗ ಪೂರ್ತಿ ಚಾರ್ಜ್ ಮಾಡಿ ಸರಿಪಡಿಸದಿದ್ದರೆ ಪರದೆಯ ಮೇಲೆ ಶೇ 30 ಎಂದಿದ್ದರೂ ಒಂದು ದುರ್ಬಲ ಸೆಲ್ ತಳ ಮುಟ್ಟಿ ಇಡೀ ರ‍್ಯಾಕ್ ನಿಂತುಬಿಡುತ್ತದೆ. ಸಬ್‌ಸ್ಟೇಷನ್ ತಡವಾಗಿ ಕಂಟೇನರ್‌ಗಳು ತಿಂಗಳುಗಟ್ಟಲೆ ಕಾದು ಕೂತರೆ ಇದೇ ಗೋಳು. ಅವಕ್ಕೆ ಡೀಸೆಲ್ ಜನರೇಟರಿನಿಂದಾದರೂ ಸಹಾಯಕ ವಿದ್ಯುತ್ ಕೊಡುತ್ತಿರಬೇಕು.

ಇನ್ನು ಬೆಂಕಿ. ಸುತ್ತಲಿನ ಗದ್ದೆಗಳಲ್ಲಿ ಭತ್ತದ ಕೂಳೆ ಸುಡುವುದುಂಟು, ಹಾಗಾಗಿ ಬೇಲಿಯಾಚೆಗೂ ಹುಲ್ಲಿಲ್ಲದ ಪಟ್ಟಿ ಬೇಕು. ಒಳಗಿನ ಬೆಂಕಿಯ ರೀತಿಯೇ ಬೇರೆ. ಸೆಲ್ ಕಾದು ಕೆಟ್ಟಾಗ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್‌ನಂಥ ಉರಿಯುವ ಅನಿಲಗಳು ಕಂಟೇನರಿನಲ್ಲಿ ತುಂಬಿಕೊಳ್ಳುತ್ತವೆ. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ಅಗ್ನಿಶಾಮಕ ಸಿಬ್ಬಂದಿ ಇಂಥದೊಂದು ಘಟಕದ ಬಾಗಿಲು ತೆರೆದ ಮೇಲೆ ಸ್ಫೋಟವಾಗಿ ಅವರೇ ತೀವ್ರ ಗಾಯಗೊಂಡರು. ಸ್ಥಾವರ ಚಾಲೂ ಆಗುವ ಮುಂಚೆಯೇ ತಾಲ್ಲೂಕಿನ ಅಗ್ನಿಶಾಮಕ ಠಾಣೆಯವರನ್ನು ಕರೆದು ಯಾರ್ಡ್ ತೋರಿಸಬೇಕು: ಹೊಗೆ ಬರುತ್ತಿರುವ ಕಂಟೇನರಿನ ಬಾಗಿಲು ತೆರೆಯಬಾರದು, ದೂರದಿಂದ ಅಕ್ಕಪಕ್ಕದವಕ್ಕೆ ನೀರು ಹೊಡೆದು ತಂಪಾಗಿಡಬೇಕು, ಹರಿದ ನೀರು ಕಾಲುವೆ ಸೇರದಂತೆ ಕಟ್ಟೆಯಲ್ಲಿ ತಡೆಯಬೇಕು. ಗೇಟಿನ ಹೊರಗೆ, ರಾತ್ರಿ ಟಾರ್ಚಿನಲ್ಲೂ ಓದಬಹುದಾದಷ್ಟು ದೊಡ್ಡ ಕನ್ನಡ ಅಕ್ಷರಗಳಲ್ಲಿ, ಯಾರ್ಡಿನ ನಕ್ಷೆ, ನೀರಿನ ತೊಟ್ಟಿಯ ಜಾಗ ಮತ್ತು ಕಂಟ್ರೋಲ್ ರೂಮಿನ ಫೋನ್ ನಂಬರ್ ಬರೆಸಿ.